ಅಜ್ಜಿಯ ದನಿ ಟಿವಿಗೆ ಹೋದ ವರ್ಷ

ಕರಿಯ ತಂತಿಯೊಂದು ಮಾಳಿಗೆಯಿಂದ ಮಾಳಿಗೆಗೆ ಜಿಗಿದು, ಬೇವಿನ ಗಿಡದ ಟೊಂಗೆಗೆ ಒಂದು ಸುತ್ತು ಹಾಕಿ, ಕಿಟಕಿಯ ಸರಳುಗಳ ಸಂದಿಯಿಂದ ನಮ್ಮ ಮನೆಯೊಳಗೆ ಬಂದ ಕಾಲ ಅದು. ತೊಂಬತ್ತರ ದಶಕದ ಆರಂಭ. ಕೇಬಲ್ ಅಂದರೆ ಆಗ ದಿಲ್ಲಿ, ಮುಂಬಯಿಯ ಚಾನೆಲ್ಲುಗಳಷ್ಟೇ ಅಲ್ಲ. ಪುಣೆಯ ನಮ್ಮ ಪೇಠೆಗೆ ತಂತಿ ಎಳೆದವರು ತಮ್ಮದೂ ಒಂದು ಚಾನೆಲ್ ನಡೆಸುತ್ತಿದ್ದರು. ಬೆಳಿಗ್ಗೆ ಭಜನೆ, ಮಧ್ಯಾಹ್ನ ಹಳೆಯ ಸಿನಿಮಾ, ನಡುನಡುವೆ ಸೀರೆ ಅಂಗಡಿಯ ಜಾಹೀರಾತು. ರವಿವಾರ ಹನ್ನೊಂದು ಗಂಟೆಗೆ ಮಾತ್ರ ಅವರದೇ ಸ್ವಂತದ ಕಾರ್ಯಕ್ರಮ. ಹೆಸರು ‘ರವಿವಾರಚಾ ಗೋಂಧಳ’, ಅಂದರೆ ರವಿವಾರದ ಗದ್ದಲ. ಪ್ರತಿ ವರ್ಷ ಗಣಪತಿ ಮುಳುಗಿದ ಮೇಲೆ ಶುರುವಾದರೆ ಯುಗಾದಿಯ ಪಾಡ್ಯದವರೆಗೆ, ವಾರಕ್ಕೊಮ್ಮೆ ಒಂದು ತಾಸು, ಸಣ್ಣ ಸಣ್ಣ ನಗೆ ಪ್ರಸಂಗಗಳು. ಎಲ್ಲವೂ ನೇರ. ಐದಾರು ಗಲ್ಲಿ ಆಚೆ, ಕೇಬಲ್ ಆಫೀಸಿನ ಮೇಲಿನ ಹಾಲ್‌ನಲ್ಲಿ ಜನರ ಮುಂದೆ ಅವರು ಆಡುತ್ತಿದ್ದ ಹೊತ್ತಿಗೇ ನಾವು ಇಲ್ಲಿ ನೋಡುತ್ತಿದ್ದೆವು. ಯಾರಾದರೂ ಮಾತು ಮರೆತರೆ ಮರೆತದ್ದೂ ಕಾಣುತ್ತಿತ್ತು. ಒಮ್ಮೆ ಒಬ್ಬನ ಅಂಟುಮೀಸೆ ಕಳಚಿ ಚಹಾದ ಕಪ್ಪಿಗೆ ಬಿದ್ದದ್ದನ್ನು ನೋಡಿ ಇಡೀ ಪೇಠೆ ವಾರಗಟ್ಟಲೆ ನಕ್ಕಿತ್ತು.

ನಾನು ಹೇಳುವುದು ಆ ಕಾರ್ಯಕ್ರಮದ ಐದನೆಯ ವರ್ಷದ ಮಾತು. ನನಗೆ ಆಗ ಹತ್ತು ವರ್ಷ.

ನಾವಿದ್ದದ್ದು ಹಳೆಯ ವಾಡೆಯೊಂದರಲ್ಲಿ. ನಡುವೆ ಅಂಗಳ, ಮೂಲೆಯಲ್ಲೊಂದು ನಳ, ಸುತ್ತ ಒಂಬತ್ತು ಮನೆ. ಕನ್ನಡದವರು ನಾವೊಬ್ಬರೇ. ವಿಜಾಪುರದ ಕಡೆಯಿಂದ ಅಜ್ಜ ಕಾರಕೂನಿಕೆಗೆಂದು ಬಂದವನು, ಇಲ್ಲೇ ಬೇರೂರಿ ಇಲ್ಲೇ ತೀರಿಕೊಂಡಿದ್ದ. ಎರಡು ಖೋಲಿಯ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಅಜ್ಜಿ, ಮತ್ತು ಅಪ್ಪನ ತಮ್ಮ ವಸು ಕಾಕಾ. ಕಾಕಾ ಅಪ್ಪನಿಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವನು, ಅಜ್ಜಿಗೆ ತಡವಾಗಿ ಹುಟ್ಟಿದ ಮುದ್ದಿನ ಮಗ. ಚಾಕಣದ ಒಂದು ಬಿಡಿಭಾಗಗಳ ಕಾರಖಾನೆಯಲ್ಲಿ ಆರು ದಿನ ದುಡಿಯುತ್ತಿದ್ದ. ಏಳನೆಯ ದಿನ ಗೋಂಧಳಕ್ಕೆ ಓಡುತ್ತಿದ್ದ. ನಾಲ್ಕು ವರ್ಷ ಅಲ್ಲಿ ಅವನು ಮಾಡಿದ್ದು ಕುರ್ಚಿ ಹೊರುವುದು, ಪರದೆ ಎಳೆಯುವುದು, ಒಮ್ಮೊಮ್ಮೆ ಹೆಣವಾಗಿ ಮಲಗುವುದು. ಹೆಣವಾಗಿ ಮಲಗಿದ ದಿನ ಕೂಡ ಮನೆಗೆ ಬಂದು “ಹ್ಯಾಂಗಿತ್ತು?” ಅಂತ ಕೇಳುತ್ತಿದ್ದ. “ಭಾಳ ಛಲೋ ಸತ್ತಿದ್ದಿ” ಎನ್ನುತ್ತಿದ್ದ ಅಪ್ಪ.

ಆ ವರ್ಷ ದೀಪಾವಳಿ ಮುಗಿದ ಮೊದಲ ರವಿವಾರ, ಮುಖ್ಯ ನಟನೊಬ್ಬ ಬರಲೇ ಇಲ್ಲ. ನಾಲ್ಕು ನಿಮಿಷ ಖಾಲಿ ಬಿತ್ತು. ಗೋಂಧಳವನ್ನು ನಡೆಸುತ್ತಿದ್ದ ಬಾಪೂ ಎಂಬಾತ ಹತ್ತಿರ ಸಿಕ್ಕವನ ಬೆನ್ನಿಗೆ ಕೈ ಹಚ್ಚಿ ಬೆಳಕಿಗೆ ತಳ್ಳಿಬಿಟ್ಟ. ಸಿಕ್ಕವನು ವಸು ಕಾಕಾ. ನಾವೆಲ್ಲ ಟಿವಿಯ ಮುಂದೆ ಉಸಿರು ಹಿಡಿದು ಕೂತೆವು. ಕಾಕಾ ಕಣ್ಣು ಪಿಳಿಪಿಳಿ ಮಾಡಿದ, ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದ, ಸೊಂಟ ಬಗ್ಗಿಸಿದ, ಬಾಯಿ ತೆರೆದ. ಆ ಬಾಯಿಂದ ನಮ್ಮ ಅಜ್ಜಿ ಮಾತಾಡಿದಳು.

ಅಜ್ಜಿಯ ಮರಾಠಿ ಅಂದರೆ ಅರ್ಧ ಮರಾಠಿ, ಅರ್ಧ ಕನ್ನಡ. ಮರಾಠಿಯ ತಲೆಗೆ ಕನ್ನಡದ ಬಾಲ ಅಂಟಿಸಿ, ಅದಕ್ಕೊಂದು ‘ರೀ’ ಸೇರಿಸಿ, ಯಾವ ಅಳುಕೂ ಇಲ್ಲದೆ ಇಡೀ ಪೇಠೆಯೊಂದಿಗೆ ಮಾತಾಡುತ್ತಿದ್ದಳು. ಕಾಯಿಪಲ್ಲೆಯ ಬಾಜಾರಿಗೆ ಹೋದರೆ ಅವಳು ಬರುವುದು ಎರಡು ತಾಸಿನ ನಂತರ. ಕೊತ್ತಂಬರಿ ಮಾರುವವಳಿಂದ ಹಿಡಿದು ಸೋಮಾರಿ ಹಮಾಲನವರೆಗೆ ಎಲ್ಲರನ್ನೂ ಮಾತಾಡಿಸಬೇಕು. ಹೆಂಗಸರು ಸಿಕ್ಕರೆ ಗದ್ದ ಹಿಡಿದು, ಮುಖ ಮೇಲೆತ್ತಿ ಕೇಳುತ್ತಿದ್ದಳು: “ತು ಕೋಣಾಚಿ ಅದ ಗ ಬಾಯಿ?” ನೀನು ಯಾರವಳೇ ತಾಯಿ, ಅಂತ. ‘ಆಹೇಸ್’ ಅನ್ನಬೇಕಾದಲ್ಲಿ ನಮ್ಮ ‘ಅದ’. ಕಾಕಾ ಅಂದು ಆ ಪ್ರಶ್ನೆಯನ್ನು ಎದುರು ಕೂತ ಜನರಲ್ಲಿ ಒಬ್ಬ ದಪ್ಪ ಮೀಸೆಯ ಗಂಡಸಿಗೆ ಕೇಳಿದ. ನೆರೆದ ಜನ ಸ್ಫೋಟವಾದಂತೆ ನಕ್ಕರು. ನಮ್ಮ ಮನೆಯಲ್ಲಿ ನೆರೆಮನೆಯ ಶೈಲಾ ಮಾವಶಿ ನಗುತ್ತ ನೆಲಕ್ಕೆ ಕೂತುಬಿಟ್ಟಳು.

ಅಜ್ಜಿ ಆ ಹೊತ್ತಿಗೆ ಬಾಗಿಲ ಬಳಿ ಮೊರದಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೂರದ ಟಿವಿ ಅವಳಿಗೆ ಬರೀ ಬೆಳಕು. ಕೇಳಿಸಿಕೊಳ್ಳುತ್ತಿದ್ದಳು ಅಷ್ಟೆ. ನಾನು ಹೆದರಿ ಅವಳ ಕಡೆ ನೋಡಿದೆ. ಅವಳೂ ನಗುತ್ತಿದ್ದಳು.

“ಯಾರ ಮನೀ ಮುದುಕಿನೋ ಪಾಪ,” ಅಂದಳು. “ಅಕೀ ಮರಾಠಿ ನನ್ನದಕ್ಕಿಂತಾ ಕೆಟ್ಟ ಅದ ನೋಡು.”

ತನ್ನ ದನಿ ತನಗೆ ಗೊತ್ತಿರುವುದಿಲ್ಲ ಎಂಬುದು ಆಮೇಲೆ ನನಗೂ ತಿಳಿದ ಸಂಗತಿ. ಅಂದು ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ಶೈಲಾ ಮಾವಶಿಯ ಮುಖ ನೋಡಿದಳು. “ನಮ್ಮ ವಸೂ ಬರಲೇ ಇಲ್ಲಲ್ಲ ಇವತ್ತ,” ಅಂತ ಅಜ್ಜಿ ಬೇಜಾರು ಮಾಡಿಕೊಂಡಳು.

ಮುಂದಿನ ವಾರದಿಂದ ಆ ಮುದುಕಿ ಪ್ರತಿ ರವಿವಾರ ಬರತೊಡಗಿದಳು. ‘ಬಾಜಾರದ ಆಜೀ’ ಅಂತ ಹೆಸರಾಯಿತು. ಬಾಪೂ ಒಂದು ಒಂಬತ್ತು ಗಜದ ಸೀರೆ ತರಿಸಿಕೊಟ್ಟ. ನಾಲ್ಕು ವರ್ಷ ಹೆಣವಾಗಿದ್ದ ನನ್ನ ಕಾಕಾನನ್ನು ಈಗ ಬಸ್ಸಿನಲ್ಲಿ ಜನ ಗುರುತಿಸುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರಲು ಹುಡುಗಿಯರು ಜಗಳಾಡುತ್ತಿದ್ದರು. ವಾಡೆಯ ಮಕ್ಕಳು ಲಗೋರಿ ಆಡುವಾಗ ಚೆಂಡು ತಪ್ಪಿದವರ ಗದ್ದ ಹಿಡಿದು “ತು ಕೋಣಾಚಿ ಅದ ಗ ಬಾಯಿ?” ಅಂತ ಕಿರುಚುತ್ತಿದ್ದರು. ಅಜ್ಜಿಯ ಮುಂದೆ ಮಾತ್ರ ಯಾರೂ ಹಾಗೆ ಅನ್ನಬಾರದು ಅಂತ ಶೈಲಾ ಮಾವಶಿ ಎಲ್ಲರಿಗೂ ತಾಕೀತು ಮಾಡಿದ್ದಳು.

ಅಮ್ಮನಿಗೆ ಇದು ಸರಿ ಬರಲಿಲ್ಲ. “ಹೇಳಿಬಿಡೂಣ್ರಿ ಅತ್ತಿಯವರಿಗೆ. ಇಡೀ ಊರಿಗೆ ಗೊತ್ತದ, ಅವರಿಗಷ್ಟ ಗೊತ್ತಿಲ್ಲ” ಅಂತ ಅಪ್ಪನಿಗೆ ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದು ನಾನು ಕೇಳಿದ್ದೇನೆ.

“ನಗಲಿಕ್ಕತ್ತಾಳಲ್ಲ ಅಕಿ. ನಗಲಿ ಬಿಡು,” ಅಂದ ಅಪ್ಪ.

ಕಾಕಾ ಅಜ್ಜಿಗೆ, “ನಾ ಪರದೆ ಹಿಂದ ಇರ್ತೇನಿ ಅವ್ವಾ, ದನಿ ಕೇಳಸೂದಿಲ್ಲ ನಿನಗ” ಅಂತ ಹೇಳಿಬಿಟ್ಟಿದ್ದ. ಅಜ್ಜಿ ಪ್ರತಿ ರವಿವಾರ ಬಟಾಣಿಯ ಮೊರ ಇಟ್ಟುಕೊಂಡು, ಮಗನ ದನಿ ಒಂದು ಸಲವಾದರೂ ಬಂದೀತೆಂದು ಕಿವಿಗೊಟ್ಟು ಕೂರುತ್ತಿದ್ದಳು.

ನನ್ನ ಪಾಲೂ ಇದರಲ್ಲಿತ್ತು. ಕಾಕಾ ದಿನವಿಡೀ ಕಾರಖಾನೆಯಲ್ಲಿ. ಅಜ್ಜಿಯ ಜೊತೆ ಇರುವವಳು ನಾನು. ಸಂಜೆ ಬಂದವನೇ ಸೈಕಲ್ಲನ್ನು ಗೋಡೆಗೆ ಒರಗಿಸಿ, ಉಪ್ಪುಖಾರ ಹಚ್ಚಿದ ಪೇರಲಹಣ್ಣನ್ನು ಕಾಗದದಿಂದ ಬಿಚ್ಚುತ್ತ, “ಶಾಲೂ, ಏನಂದ್ಳು ಇವತ್ತ?” ಅಂತ ಕೇಳುವನು. ನಾನು ಒಂದೊಂದೇ ಒಪ್ಪಿಸುತ್ತಿದ್ದೆ. ಹಾಲಿನವನಿಗೆ ಏನು ಬೈದಳು, ನಳದ ಮುಂದೆ ಹೇಗೆ ಜಗಳಾಡಿದಳು, ಡಾಕ್ಟರರಿಗೆ ತನ್ನ ಮಂಡಿನೋವನ್ನು ಮರಾಠಿಯಲ್ಲಿ ಹೇಗೆ ವರ್ಣಿಸಿದಳು. ಕಾಕಾ ನಕ್ಕಷ್ಟೂ ನನಗೆ ಹುರುಪು. ರವಿವಾರ ನಾನು ಹೇಳಿದ್ದೇ ಟಿವಿಯಲ್ಲಿ ಬಂದಾಗ ಆಗುತ್ತಿದ್ದ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಮಾತ್ರ ಬರೀ ಹೆಮ್ಮೆ.

ಸಂಕ್ರಾಂತಿಯ ಹಿಂದಿನ ದಿನ ಅಜ್ಜಿಯ ಜೊತೆ ಬಾಜಾರಿಗೆ ಹೋಗಿದ್ದೆ. ಎಳ್ಳು, ಬೆಲ್ಲ, ಕಬ್ಬಿನ ತುಂಡು, ಬಾರೆಹಣ್ಣಿನ ಹುಳಿವಾಸನೆ, ಹಸಿ ಕಡಲೆಯ ಸೂಡು. ಗಜ್ಜರಿ ಆರಿಸುತ್ತಿದ್ದ ಒಬ್ಬ ಹೆಂಗಸು. ನಲವತ್ತು ದಾಟಿದವಳು, ಹಣೆಯ ಮೇಲೆ ದೊಡ್ಡ ಕುಂಕುಮ. ಅಜ್ಜಿ ಅವಳ ತೀರ ಹತ್ತಿರ ಹೋಗಿ, ಪೊರೆಗಣ್ಣು ಕಿರಿದು ಮಾಡಿ, ಗದ್ದ ಹಿಡಿದಳು. “ತು ಕೋಣಾಚಿ ಅದ ಗ ಬಾಯಿ?”

ಆ ಹೆಂಗಸು ಒಂದು ಕ್ಷಣ ಬೆರಗಾಗಿ, ನಂತರ ಕೈಯ ಗಜ್ಜರಿ ಕೆಳಗೆ ಬಿದ್ದದ್ದೂ ಗೊತ್ತಾಗದಂತೆ ನಕ್ಕಳು. “ಅಗಂ ಬಘಾ, ಹುಬೇಹೂಬ್ ಟೀವ್ಹೀವರಚೀ ಆಜೀ!” ಅಂತ ಪಕ್ಕದವರನ್ನು ಕರೆದಳು. ನೋಡಿರೇ, ಥೇಟ್ ಟಿವಿಯ ಅಜ್ಜಿ! ನಾಲ್ಕಾರು ಜನ ಸೇರಿದರು. “ಪುನ್ಹಾ ಮ್ಹಣಾ ನಾ ಆಜೀ,” ಇನ್ನೊಮ್ಮೆ ಅನ್ನಿ ಅಜ್ಜೀ, ಅಂತ ಒಬ್ಬ ಹುಡುಗಿ ಗೋಗರೆದಳು. ಅಜ್ಜಿ ಕೈ ಹಿಂದೆಗೆದುಕೊಂಡಳು. ಅವರೆಲ್ಲ ನಗುತ್ತಿದ್ದುದರಿಂದ ತಾನೂ ಸ್ವಲ್ಪ ನಕ್ಕಳು. ದಾರಿಯಲ್ಲಿ ನನ್ನ ಕೈ ಹಿಡಿದು, “ಯಾಕ ನಕ್ಕರು ಶಾಲೂ? ಅಕಿ ಹೇಳಲೇ ಇಲ್ಲ ಯಾರವಳು ಅಂತ” ಅಂದಳು. ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂದೆ.

ಅದೇ ವಾರದ ಒಂದು ಮಧ್ಯಾಹ್ನ, ಅಂಗಳದ ಬಿಸಿಲಿಗೆ ಕೂರಿಸಿಕೊಂಡು ನನ್ನ ತಲೆಗೆ ಎಣ್ಣೆ ಹಚ್ಚುತ್ತ ಅಜ್ಜಿ ಹೇಳಿದ ಕತೆ ಇದು. ಮೊದಲೂ ಎರಡು ಸಲ ಹೇಳಿದ್ದಳು. ಅವಳು ಪುಣೆಗೆ ಹೊಸದಾಗಿ ಬಂದಾಗ ಒಂದಕ್ಷರ ಮರಾಠಿ ಬರುತ್ತಿರಲಿಲ್ಲವಂತೆ. ಕೂಸನ್ನು ಕರೆದುಕೊಂಡು ಬಾಜಾರಿಗೆ ಹೋಗಿದ್ದಾಳೆ. ಗದ್ದಲದಲ್ಲಿ ಕೂಸು ಕೈತಪ್ಪಿತು. “ನನ್ನ ಕೂಸು ಕಾಣವಲ್ದ್ರೀ” ಅಂತ ಸಿಕ್ಕವರನ್ನೆಲ್ಲ ಹಿಡಿದು ಕೇಳಿದಳು. ಅವರು “ಕಾಯ್? ಕಾಯ್?” ಅಂದರು. ಏನು, ಏನು ಅಂತ ಅವರ ಅರ್ಥ. ಇವಳಿಗೆ ಕೇಳಿಸಿದ್ದು ಕಾಯಿ. “ಕಾಯಿ ಅಲ್ಲ್ರೀ, ಕೂಸು” ಅಂದಳು. ಯಾರೋ ಪುಣ್ಯಾತ್ಮರು ಅವಳು ಎರಡು ಕೈ ಅಗಲಿಸಿ ತೋರಿಸಿದ್ದನ್ನು ನೋಡಿ, ಕೈಹಿಡಿದು ಕರೆದೊಯ್ದು ತೆಂಗಿನಕಾಯಿ ಅಂಗಡಿಯ ಮುಂದೆ ನಿಲ್ಲಿಸಿದರು.

“ಕೂಸು ಬೇಡಿದ್ರ ಕಾಯಿ ಕೊಟ್ಟರವ್ವಾ,” ಅಂತ ಅಜ್ಜಿ ನಕ್ಕಳು.

“ಆಮ್ಯಾಲೆ? ಕೂಸು ಸಿಕ್ತಾ?”

“ತಲಿ ಅಲ್ಲಾಡಸಬ್ಯಾಡ,” ಅಂದಳು ಅಜ್ಜಿ. ಹಿಂದಿನ ಸಲವೂ ಕತೆ ಅಲ್ಲಿಗೇ ನಿಂತಿತ್ತು. ಕಾಯಿ ಕೊಟ್ಟಲ್ಲಿಗೇ ಕತೆ ಮುಗಿಯುತ್ತದೆ ಅಂತ ನಾನು ತಿಳಿದಿದ್ದೆ. ಕೂಸು ಅಂದರೆ ಅಪ್ಪ ಇರಬೇಕು, ಅಪ್ಪ ಇಲ್ಲೇ ಇದ್ದಾನಲ್ಲ, ಸಿಕ್ಕಿರಲೇಬೇಕು.

ಸಂಜೆ ಕಾಕಾನಿಗೆ ಹೇಳಿದೆ. ಅವನು ಆ ಕತೆ ಕೇಳಿಯೇ ಇರಲಿಲ್ಲ. ಪೇರಲಹಣ್ಣು ಕಚ್ಚುವುದನ್ನು ಬಿಟ್ಟು, “ಇನ್ನೊಮ್ಮೆ ಹೇಳು” ಅಂದ. ನಾನು ಎದ್ದು ನಿಂತು, ಕೈ ಅಗಲಿಸಿ, ಅಭಿನಯಿಸಿಯೇ ತೋರಿಸಿದೆ.

ಆ ರವಿವಾರ ನಮ್ಮ ಮನೆ ತುಂಬಿ ಹೋಗಿತ್ತು. ಎಂಟೂ ಮನೆಯವರು ಬಂದಿದ್ದರು. ಅಮ್ಮ ದೊಡ್ಡ ಬೋಗುಣಿಯಲ್ಲಿ ಒಗ್ಗರಣೆ ಅವಲಕ್ಕಿ ಮಾಡಿದ್ದಳು. ಹನ್ನೊಂದೂವರೆಗೆ ಬಾಜಾರದ ಆಜೀ ಬಂದಳು. ಹೆಗಲ ಮೇಲೆ ಬಟ್ಟೆಯ ಗೊಂಬೆ. ಕಾಕಾ ಗೊಂಬೆಯನ್ನು ಕೆಳಗಿಟ್ಟು ಬದನೆಕಾಯಿ ಆರಿಸಿದ, ತಿರುಗಿ ನೋಡಿದ, ಗೊಂಬೆ ಇಲ್ಲ. “ಮಾಝಾ ಕೂಸು! ಮಾಝಾ ಕೂಸು ಕಾಣವಲ್ದ್ರೀ!” ಅಂತ ಕೂಗಿದ. ಒಬ್ಬ ಬಂದು “ಕಾಯ್?” ಅಂದ. ಇನ್ನೊಬ್ಬ ಬಂದು “ಕಾಯ್?” ಅಂದ. “ಕಾಯಿ ಅಲ್ಲ್ರೀ” ಅಂತ ಕಾಕಾ ಎದೆ ಬಡಿದುಕೊಂಡ. ಜನ ನಗುವುದಕ್ಕೆ ತೊಡಗಿದ್ದು ನಿಲ್ಲಲೇ ಇಲ್ಲ.

ಅಜ್ಜಿಯ ಕೈ ಬಟಾಣಿಯಲ್ಲಿ ನಿಂತದ್ದನ್ನು ನಾನು ನೋಡಿದೆ. ಅವಳ ಮುಖ ಟಿವಿಯ ಬೆಳಕಿನ ಕಡೆ ತಿರುಗಿತು. ನಗಲಿಲ್ಲ. ತುಟಿ ಮಾತ್ರ ಅಲ್ಲಾಡಿತು, ಕಾಕಾ ಒಂದೊಂದು ಮಾತು ಆಡುವ ಮೊದಲೇ ಆ ಮಾತು ಅವಳ ತುಟಿಯ ಮೇಲೆ ಇರುವಂತೆ.

ನಾನು ಎದ್ದು ಟಿವಿಯ ಕಡೆ ನುಗ್ಗಿದೆ. ಕೂತವರ ಕಾಲು ತುಳಿದೆ. “ಏ ಶಾಲೂ, ಸರಕ್!” ಪಕ್ಕಕ್ಕೆ ಸರಿ ಅಂತ ಎಲ್ಲರೂ ಕೂಗಿದರು. ಗುಂಡಿ ತಿರುಗಿಸಿ ಆರಿಸಿಯೇಬಿಟ್ಟೆ. ಆದರೆ ಗೋಡೆಯ ಆಚೆಯ ವಾಡೆಯಲ್ಲಿ, ರಸ್ತೆಯ ಆಚೆಯ ಮನೆಗಳಲ್ಲಿ ಅದೇ ನಡೆದಿತ್ತು. ನಮ್ಮ ಟಿವಿ ಸುಮ್ಮನಾದರೂ ಕಾಕಾನ ದನಿ, ಜನರ ನಗು, ಎಲ್ಲ ಕಿಟಕಿಯಿಂದ ಒಳಗೆ ಬರುತ್ತಲೇ ಇತ್ತು.

“ಹಚ್ಚು,” ಅಂದಳು ಅಜ್ಜಿ. ಮನೆ ತಟ್ಟನೆ ನಿಶ್ಶಬ್ದವಾಯಿತು. “ಹಚ್ಚು ಶಾಲೂ. ಪೂರಾ ಕೇಳ್ತೇನಿ.”

ಅಪ್ಪ ಎದ್ದು ಟಿವಿ ಹಚ್ಚಿದ. ಕಾಕಾ ತೆಂಗಿನಕಾಯಿಯನ್ನು ಸೊಂಟದ ಮೇಲೆ ಎತ್ತಿಕೊಂಡು, ಅದಕ್ಕೆ ಕುಂಚಿಗೆ ಕಟ್ಟಿ, ಜೋಗುಳ ಹಾಡುತ್ತ ಮನೆಗೆ ಹೊರಟಿದ್ದ. ಹಾಲಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ನೆರೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಶೈಲಾ ಮಾವಶಿ ಹೋಗುವಾಗ ಅಜ್ಜಿಯ ಹೆಗಲು ಮುಟ್ಟಿದಳು. ಅಜ್ಜಿ ಬಟಾಣಿಯ ಮೊರವನ್ನು ಬದಿಗೆ ಸರಿಸಿದಳು.

“ಅದು ನಮ್ಮ ವಸೂನೇ ಏನು? ಇಷ್ಟು ದಿನ ಬಂದಿದ್ದು?”

“ಹೌದವ್ವಾ,” ಅಂದ ಅಪ್ಪ.

“ಛಲೋ ಮಾಡ್ತಾನ,” ಅಂದಳು. ಮಡಿಲಿಗೆ ಬಿದ್ದ ಸಿಪ್ಪೆ ಕೊಡವಿ ಅಂದಳು, “ಆ ಕೂಸಿನ ಹೆಸರು ಇಂದೂ. ಮೂರು ತುಂಬಿತ್ತು. ಹಸಿರು ಪರಕಾರ ಹಾಕಿದ್ದೆ ಅವತ್ತ. ನೀ ಹೊಟ್ಟ್ಯಾಗ ಇದ್ದಿ.” ಕೊನೆಯ ಮಾತು ಅಪ್ಪನಿಗೆ.

ಅಪ್ಪ ಕೂತಲ್ಲೇ ಅಲ್ಲಾಡದೆ ಕೂತ. ತನಗೊಬ್ಬ ಅಕ್ಕ ಇದ್ದಳು, ಸಣ್ಣವಳಿದ್ದಾಗಲೇ ಹೋದಳು ಎಂದಷ್ಟೇ ಅವನು ಕೇಳಿದ್ದ. ಜ್ವರದಿಂದ ಸತ್ತಿರಬೇಕು ಅಂದುಕೊಂಡಿದ್ದ. ಕಾಕಾನಿಗೆ ಅದೂ ಗೊತ್ತಿರಲಿಲ್ಲ.

“ಸಿಗಲಿಲ್ಲಾ?” ಅಂತ ಅಮ್ಮ ಕೇಳಿದಳು. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

“ಇಲ್ಲ. ನಿಮ್ಮ ಮಾವನವರು ಸಂಜೀಕ ಆಫೀಸಿನಿಂದ ಬಂದು ಪೋಲಿಸರ ಹತ್ರ ಹೋದ್ರು. ಅಷ್ಟೊತ್ತಿಗೆ ಬಾಜಾರ ಮುಗದಿತ್ತು. ಅಕೀ ಯಾವ ಕಡೆ ಹೋದ್ಳು ಅಂತ ನೋಡಿದವರು ಇದ್ದೇ ಇರಬೇಕವಾ. ನನಗ ಕೇಳಲಿಕ್ಕೆ ಬರಲಿಲ್ಲ.” ಅವಳು ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. “ಆಮ್ಯಾಲೆ ಕಲತೆ. ಯಾರರೆ ಸಾಕಿರಬೇಕು ಅಕೀನ್ನ. ಮರಾಠಿ ಮಂದೀನೇ ಸಾಕಿರ್ತಾರ. ಈಗ ಇಲ್ಲೇ ಬಾಜಾರದಾಗ ಗಜ್ಜರಿ ಕೊಳ್ತಿರಬಹುದು.”

ಅವಳು ಹೆಂಗಸರ ಗದ್ದ ಹಿಡಿದು ಏನು ನೋಡುತ್ತಿದ್ದಳು, ಯಾಕೆ ಕೇಳುತ್ತಿದ್ದಳು ಎಂಬುದು ಆ ಮಧ್ಯಾಹ್ನ ನಮಗೆ ತಿಳಿಯಿತು. ನಲವತ್ತಕ್ಕೂ ಮಿಕ್ಕಿದ ವರ್ಷ ಕೇಳಿದ್ದಳು.

ಕಾಕಾ ಒಂದು ಗಂಟೆಗೆ ಬಂದ. ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ, ಕೈಯಲ್ಲಿ ಜಿಲೇಬಿಯ ಪೊಟ್ಟಣ. “ನೋಡಿದ್ರೇನು? ಎದ್ದು ನಿಂತಿದ್ದರು ಮಂದಿ!” ಅನ್ನುತ್ತಲೇ ಒಳಗೆ ಬಂದ. ಅಪ್ಪ ಅವನನ್ನು ತೋಳು ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದ. ನಾನು ಕಿಟಕಿಯಿಂದ ನೋಡಿದೆ. ಅಪ್ಪ ಮಾತಾಡಿದ, ಕಾಕಾ ನಳದ ಕಟ್ಟೆಯ ಮೇಲೆ ಕೂತ, ಜಿಲೇಬಿಯ ಪೊಟ್ಟಣದಿಂದ ಪಾಕ ಸೋರಿ ಅವನ ಪ್ಯಾಂಟಿನ ಮೇಲೆ ಇಳಿಯುತ್ತಿತ್ತು.

ಒಳಗೆ ಬಂದು ಅಜ್ಜಿಯ ಕಾಲ ಬಳಿ ಕೂತ. “ಅವ್ವಾ, ನನಗ ಗೊತ್ತಿರಲಿಲ್ಲ.”

“ಗೊತ್ತಿಲ್ಲ ಅನ್ನೂದು ನನಗ ಗೊತ್ತದ. ಊಟ ಮಾಡು ಏಳು.”

“ಇನ್ನ ಮಾಡೂದಿಲ್ಲ. ನಿನ್ನಾಣಿ.”

ಅಜ್ಜಿ ಅವನ ತಲೆಯ ಮೇಲೆ ಕೈ ಇಟ್ಟಳು. ಕಾಕಾ ನನ್ನ ಕಡೆ ಒಮ್ಮೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನಾನು ಅನೇಕ ವರ್ಷ ಅಂದುಕೊಂಡಿದ್ದೇನೆ.

ಆ ವಾರ ಅಜ್ಜಿ ಒಂದೇ ಸಲ ಬಾಜಾರಿಗೆ ಹೋದಳು. ಗುರುವಾರ. ನಾನೂ ಹೋದೆ. ನಿಂಬೆಹಣ್ಣಿನ ಗಾಡಿಯ ಬಳಿ ನಿಂತಿದ್ದ ಒಬ್ಬಳ ಮುಖದ ಹತ್ತಿರ ಅವಳ ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಆಕೆಯ ತುಟಿಯಲ್ಲಿ ಆಗಲೇ ನಗು ಮೂಡಿತ್ತು. ಟಿವಿಯಲ್ಲಿ ಕೇಳಿದ ಆ ಮಾತಿಗಾಗಿ ಕಾದು ನಿಂತಂತೆ. ಅಜ್ಜಿಗೆ ಅಷ್ಟು ಹತ್ತಿರದ ನಗು ಕಾಣುತ್ತಿತ್ತು. ಅವಳು ಕೈ ಇಳಿಸಿ, “ನಿಂಬೂ ಕಸೇ?” ಅಂತ ಬೆಲೆಯನ್ನಷ್ಟೇ ಗಾಡಿಯವನಿಗೆ ಕೇಳಿದಳು. ಅದರ ನಂತರ ಯಾರನ್ನೂ ಅವಳು ಆ ಪ್ರಶ್ನೆ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ. ಊರಿಗೆ ಊರೇ ಅದಕ್ಕೆ ನಗುತ್ತಿತ್ತು.

ಮುಂದಿನ ರವಿವಾರ ಕಾಕಾ ಬೇರೆ ವೇಷ ಸಿದ್ಧ ಮಾಡಿಕೊಂಡಿದ್ದ. ಬಸ್ ಕಂಡಕ್ಟರು. ಮುದುಕಿಯನ್ನು ಇನ್ನು ಮಾಡುವುದಿಲ್ಲ ಅಂತ ಬಾಪೂಗೆ ಹೇಳಿದ್ದನಂತೆ. ಬಾಪೂ ಹೂಂ ಅಂದಿದ್ದನಂತೆ. ನಮ್ಮ ಮನೆಯಲ್ಲಿ ಅಂದು ಹೊರಗಿನವರು ಯಾರೂ ಇರಲಿಲ್ಲ. ಟಿವಿ ಹಚ್ಚು ಅಂತ ಅಜ್ಜಿಯೇ ಹೇಳಿದಳು, ಚಾಪೆಯನ್ನು ಟಿವಿಯ ತೀರ ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಟಿವಿಯಲ್ಲಿ ಅವಳು ಕೇಳಲಿದ್ದದ್ದು ಮಗನ ಸ್ವಂತ ದನಿ.

ಕಾಕಾ ಚೀಲ ತಗುಲಿಸಿಕೊಂಡು ಬಂದ. ಎರಡು ಮಾತು ಆಡಿದ. ಜನ ಕಾದರು. ಇನ್ನೆರಡು ಮಾತು. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ “ಆಜೀ!” ಅಂತ ಕೂಗಿದ. ಮತ್ತೊಬ್ಬ ಕೂಗಿದ. ಕೂತ ಜನವೆಲ್ಲ ತಾಳ ಹಾಕಿ ಕೂಗತೊಡಗಿತು, “ಆಜೀ ಹವೀ! ಆಜೀ ಹವೀ!” ಅಜ್ಜಿ ಬೇಕು, ಅಜ್ಜಿ ಬೇಕು. ಬದಿಯಿಂದ ಒಂದು ಕೈ ಚಾಚಿ ಕಾಕಾನ ಕೈಗೆ ಆ ಒಂಬತ್ತು ಗಜದ ಸೀರೆ ಕೊಟ್ಟಿತು. ಕಾಕಾ ಅದನ್ನು ಹಿಡಿದುಕೊಂಡು ನಿಂತ. ಮತ್ತೆ ಕಂಡಕ್ಟರನ ಮಾತು ಶುರುಮಾಡಿದ. ದನಿ ಒಡೆಯಿತು.

“ಅವನ ದನಿ ನಡಗ್ಲಿಕ್ಕತ್ತದ,” ಅಂದಳು ಅಜ್ಜಿ. “ಅಂಜ್ಯಾನ. ಸಣ್ಣಾಂವ ಇದ್ದಾಗ ಹಿಂಗ ಅಂಜತಿದ್ದ.” ಅವಳು ನನ್ನ ಮಣಿಕಟ್ಟು ಹಿಡಿದಳು. “ಮಾಡಲಿ ಅನ್ನು ಅವಂಗ. ನನ್ನ ಹಂಗ ಮಾಡಲಿ. ಏನೂ ಆಗೂದಿಲ್ಲ. ನಾನೇ ಹೇಳೇನಿ ಅಂತ ಹೇಳು. ಓಡು ಶಾಲೂ, ಓಡು!”

ನಾನು ಓಡಿದೆ. ಚಪ್ಪಲಿ ಮೆಟ್ಟಲಿಲ್ಲ. ವಾಡೆಯ ಬಾಗಿಲು ದಾಟಿದಾಗ ಎದುರಿನ ಮನೆಯ ಟಿವಿಯಲ್ಲಿ “ಆಜೀ ಹವೀ”. ಗಿರಣಿಯ ಮುಂದೆ ಓಡಿದೆ. ಮೇಲಿನ ಮನೆಯಲ್ಲಿ ಕಾಕಾ ಏನೋ ಹೇಳಿ ನಿಲ್ಲಿಸಿದ. ತಿರುವಿನಲ್ಲಿ ಕ್ಷೌರದಂಗಡಿ, ಅಲ್ಲಿ ಸೋಪು ಹಚ್ಚಿಸಿಕೊಂಡು ಕೂತವನು “ಯಾಚೀ ಬ್ಯಾಟರೀ ಸಂಪಲೀ” ಅಂದ, ಇವನ ಬ್ಯಾಟರಿ ಮುಗೀತು. ನಾನು ಎಷ್ಟು ಜೋರಾಗಿ ಓಡಿದರೂ ಕಾಕಾ ಪ್ರತಿ ಕಿಟಕಿಯಲ್ಲೂ ನನಗಿಂತ ಮೊದಲೇ ಇದ್ದ, ಪ್ರತಿ ಕಿಟಕಿಯಲ್ಲೂ ಇನ್ನಷ್ಟು ಸೋತಿದ್ದ. ಬರ್ತೇನಿ ಕಾಕಾ, ಬರ್ತೇನಿ, ಅಂತ ಉಸಿರಿಲ್ಲದೆ ಅನ್ನುತ್ತ ಓಡಿದೆ. ಕೊನೆಯ ಗಲ್ಲಿಯ ಮನೆಗಳಲ್ಲಿ ಮಾತೇ ಇರಲಿಲ್ಲ. ಬರೀ ಸಿಳ್ಳು.

ಕೇಬಲ್ ಆಫೀಸಿನ ಮೆಟ್ಟಿಲು ಹತ್ತಿದೆ. ಹಾಲಿನ ಬಾಗಿಲಿಗೆ ಒಳಗಿನಿಂದ ಚಿಲಕ. ಮೇಲೆ ಕೆಂಪು ದೀಪ. ಬಾಗಿಲ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಮುದುಕ ವಾಚ್‌ಮನ್ ನನ್ನ ಎರಡೂ ಕೈ ಹಿಡಿದ. “ಲೈವ್ ಚಾಲೂ ಆಹೇ ಬಾಳಾ. ಆತ ನಾಹೀ ಜಾತಾ ಯೇತ್.” ನೇರ ನಡೆದಿದೆ ಮಗು, ಒಳಗೆ ಹೋಗಲಾಗದು. ನಾನು ಕನ್ನಡದಲ್ಲಿ ಕೂಗಿದೆ. ಮರಾಠಿ ನನಗೆ ನೀರು ಕುಡಿದಷ್ಟು ಸಲೀಸು, ಆದರೂ ಆ ಹೊತ್ತಿಗೆ ಒಂದು ಶಬ್ದವೂ ನೆನಪಾಗಲಿಲ್ಲ. “ನಮ್ಮ ಅಜ್ಜಿ ಹೇಳ್ಯಾಳ, ಮಾಡು ಅಂತ ಹೇಳ್ಯಾಳ” ಅಂತ ಬಾಗಿಲಿಗೆ ಕೂಗಿದೆ. ವಾಚ್‌ಮನ್ ಮರುಕದಿಂದ ನನ್ನ ಬಾಯಿಯನ್ನೇ ನೋಡುತ್ತ, “ಕಾಯ್? ಕಾಯ್ ಝಾಲಂ ಬಾಳಾ?” ಅಂತ ಮತ್ತೆ ಮತ್ತೆ ಕೇಳಿದ.

ಮುಕ್ತಾಯದ ಸಂಗೀತ ಮೊಳಗಿತು. ಕೆಂಪು ದೀಪ ಆರಿತು. ಬಾಗಿಲು ತೆರೆದು ಕಾಕಾ ಹೊರಗೆ ಬಂದ, ಹೆಗಲ ಮೇಲೆ ಕಂಡಕ್ಟರನ ಚೀಲ ಹಾಗೇ ಇತ್ತು.

“ಕಾಕಾ, ತನ್ನ ಹಂಗ ಮಾಡು ಅಂದ್ಳು ಅಜ್ಜಿ. ಏನೂ ಆಗೂದಿಲ್ಲಂತ.”

“ಯಾವಾಗ ಅಂದ್ಳು?”

“ಈಗ. ನೀ ನಿಂತಿದ್ದ್ಯಲ್ಲಾ, ಆವಾಗ.”

ಅವನು ಮೆಟ್ಟಿಲ ಮೇಲೆ ಕೂತ. “ಪೂರಾ ಕೇಳಿದ್ಳೇನು ಅಕಿ?”

“ಹೂಂ.”

“ನಾ ಅನ್ನಬೇಕಂತ ಬಾಯಿ ತಗದೆ ಶಾಲೂ. ಖರೇ ಹೇಳ್ತೇನಿ. ಸೋತು, ಆಣಿ ಮುರದು, ಅಕೀ ದನೀಲೆ ಅನ್ನಬೇಕಂತನೇ ತಗದೆ,” ಅಂದ. “ಬರಲಿಲ್ಲ.”

ಮನೆಗೆ ಬಂದಾಗ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅಂದು ಅಮ್ಮ ತಡೆಯಲಿಲ್ಲ. ಕಾಕಾ ಕೂತು ನಾಲ್ಕು ರೊಟ್ಟಿ ತಿಂದ. ಅವಳು ಐದನೆಯದನ್ನು ಬಡಿಸಿದಳು. ಅದನ್ನೂ ತಿಂದ. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಗೋಂಧಳ ಮುಂದೆಯೂ ನಾಲ್ಕಾರು ವರ್ಷ ನಡೆಯಿತು, ಬೇರೆಯವರು ಸೀರೆ ಉಟ್ಟು ಮುದುಕಿಯಾದರು. ಕಾಕಾ ಅತ್ತ ಸುಳಿಯಲಿಲ್ಲ. ಅಜ್ಜಿ ಎರಡು ಸಾವಿರದ ಹೊಸ್ತಿಲು ದಾಟಿ ಒಂದು ಶ್ರಾವಣದಲ್ಲಿ ತೀರಿಕೊಂಡಳು. ಕೊನೆಯ ವರ್ಷಗಳಲ್ಲಿ ಅವಳ ಮರಾಠಿ ಹಾಲಿನವನಿಗೆ, ಔಷಧಿಯವನಿಗೆ ಎಷ್ಟು ಬೇಕೋ ಅಷ್ಟೇ. ಕಣ್ಣಿನ ಆಪರೇಶನ್ ಮಾಡಿಸೋಣ ಅಂದರೆ “ಯಾಕ ಬಿಡ್ರಿ ಇನ್ನ” ಅನ್ನುತ್ತಿದ್ದಳು. ಅವಳು ಹೋದ ಮೇಲೆ ಅಪ್ಪ ಪೊಲೀಸ್ ಕಚೇರಿಗಳಿಗೆ ಓಡಾಡಿದ. ಅಷ್ಟು ಹಳೆಯ ಕಾಗದ ಎಲ್ಲೂ ಇರಲಿಲ್ಲ.

ವಾಡೆ ಬಿದ್ದು ಅಲ್ಲಿ ಏಳು ಮಾಳಿಗೆ ಎದ್ದಿದೆ. ನಾನು ಪುಣೆಯ ಇನ್ನೊಂದು ತುದಿಗೆ, ವಿಮಾನ ನಗರದಲ್ಲಿದ್ದೇನೆ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ನೇರವಾಗಿ ಬಂದ ಆ ಕಾರ್ಯಕ್ರಮದ ಒಂದು ತುಣುಕನ್ನೂ ಯಾರೂ ಟೇಪಿನಲ್ಲಿ ಇಟ್ಟಿಲ್ಲ. ಅಜ್ಜಿಯ ಮಾತುಗಳನ್ನು ನಾನು ಹೀಗೆ ಬರೆಯಬಲ್ಲೆ. ಅವು ಹೇಗೆ ಕೇಳಿಸುತ್ತಿದ್ದವು ಎಂಬುದು ಬರಹಕ್ಕೆ ಬರುವುದಿಲ್ಲ.

ಅಪ್ಪನೂ ಈಗಿಲ್ಲ. ಪ್ರತಿ ವರ್ಷ ಪಿತೃಪಕ್ಷದಲ್ಲಿ ಎಳ್ಳುನೀರು ಬಿಡುವವನು ಕಾಕಾ. ಭಟ್ಟರು ಒಬ್ಬೊಬ್ಬರ ಹೆಸರು ಹೇಳಿಸುತ್ತ ಬರುತ್ತಾರೆ: ಅಜ್ಜ, ಮುತ್ತಜ್ಜ, ಅಜ್ಜಿ, ಅಪ್ಪ. ಕೊನೆಗೆ, “ಇನ್ನ ಯಾರರೆ ಇದ್ದಾರೇನ್ರಿ? ಅಕ್ಕ, ತಂಗಿ?” ಅಂತ ಕೇಳುತ್ತಾರೆ. ಅಜ್ಜಿ ಬದುಕಿದ್ದ ತನಕ ಇಂದೂ ಅತ್ತೆಯ ಹೆಸರನ್ನು ಸತ್ತವರ ಸಾಲಿಗೆ ಸೇರಿಸಗೊಟ್ಟಿರಲಿಲ್ಲ. ಬದುಕಿದ್ದರೆ ಈಗ ಅತ್ತೆಗೆ ಎಪ್ಪತ್ತು ದಾಟಿರುತ್ತದೆ. ಹೋದ ಸಲ ನಾನು ಪಕ್ಕದಲ್ಲೇ ಕೂತಿದ್ದೆ. ಕಾಕಾ ಅಂಗೈಯಲ್ಲಿ ನೀರು ಹಿಡಿದುಕೊಂಡೇ ಕೂತ. ಬೆರಳಿನ ಸಂದಿಯಿಂದ ನೀರು ತಾನಾಗಿಯೇ ಸೋರಿ ಮುಗಿಯಿತು. ಆಮೇಲೆ ಭಟ್ಟರಿಗೆ ತಲೆಯಾಡಿಸಿ, “ಇಲ್ಲ್ರಿ,” ಅಂದ.